ಹಾಯಿಯ ತುದಿಯ ಉಪ್ಪು

ರೇಣುಕಾ, ನಿಮ್ಮ ಮನೆಯ ಹಾಯಿಬಟ್ಟೆಯಲ್ಲಿರುವ ಉಪ್ಪು ಸಮುದ್ರದ್ದಲ್ಲ. ಅದು ಅಣ್ಣಿಗೇರಿಯ ಕಿರಾಣಿ ಅಂಗಡಿಯಿಂದ ನಾನು ತಂದ ಒಂದು ಕಿಲೋ ಪಾಕೀಟಿನ ಉಪ್ಪು. ಇಪ್ಪತ್ತಾರು ವರ್ಷಗಳ ಹಿಂದೆ ನನ್ನ ಬಾಡಿಗೆ ಕೋಣೆಯ ಬಕೆಟ್ಟಿನಲ್ಲಿ ಅದನ್ನು ಕರಗಿಸಿ, ನಾನೇ ಆ ಬಟ್ಟೆಗೆ ಕುಡಿಸಿದೆ.

ಮೊನ್ನೆ ನೀವು ಫೋನ್ ಮಾಡಿದಾಗಲೇ ಇದನ್ನು ಹೇಳಬೇಕಿತ್ತು. ಕಾರವಾರದ ಕಡೆಯ ವಸ್ತುಸಂಗ್ರಹಾಲಯದವರು ಹಾಯಿಹಡಗುಗಳಿಗಾಗಿಯೇ ಒಂದು ಕೋಣೆ ಮಾಡುತ್ತಿದ್ದಾರೆ, ನಿಮ್ಮ ಹಾಯಿಯನ್ನು ಕೇಳಿದ್ದಾರೆ, ಬಟ್ಟೆಯನ್ನು ಮೊದಲು ಪರೀಕ್ಷೆಗೆ ಕಳಿಸುತ್ತಾರೆ, ಜೊತೆಗೆ ಅದರ ಮೇಲೆ ಪ್ರಬಂಧ ಬರೆದವನೆಂದು ನನ್ನದೊಂದು ಪತ್ರ ಬೇಕು — ಇಷ್ಟನ್ನೂ ನೀವು ಒಂದೇ ಉಸಿರಿನಲ್ಲಿ ಹೇಳಿದಿರಿ. ಆಮೇಲೆ, "ಉಪ್ಪ ಒಂದ ಸಾಕಲ್ರಿ ಸರ? ಇನ್ನ ಮ್ಯಾಲೆ ನಮ್ಮನ್ನ ಯಾರೂ ಸುಳ್ಳಬುರುಕರು ಅನ್ನಂಗಿಲ್ಲ" ಎಂದಿರಿ. ನಾನು "ಸಾಕು" ಎಂದೆ. ಒಂದೇ ಶಬ್ದ. ಅದರೊಂದಿಗೆ ಹಳೆಯ ತಪ್ಪನ್ನು ಮತ್ತೊಮ್ಮೆ ಮಾಡಿದೆ.

ನಿಮಗೆ ಗೊತ್ತಿರುವ ಕಥೆಯನ್ನೇ ಈಗ ಮತ್ತೆ ಬರೆಯುತ್ತೇನೆ. ಅದರಲ್ಲಿ ನಿಮ್ಮದು ಯಾವುದು, ನಾನು ಬೆರೆಸಿದ್ದು ಯಾವುದು ಎಂದು ಬೇರ್ಪಡಿಸಬೇಕಾಗಿದೆ.

ರೈಲು ಬರುವುದಕ್ಕೆ ಮುಂಚೆ ಈ ಕಪ್ಪು ಎರಿ ಭೂಮಿಯ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಾಯಿಹಡಗುಗಳು ಅದನ್ನು ಮುಂಬೈಗೆ ಒಯ್ಯುತ್ತಿದ್ದವು. ಗುಡಗೇರಿಯ ನಿಮ್ಮ ಕೇರಿಯಿಂದ ದುರ್ಗಪ್ಪ — ನಿಮ್ಮ ಅಜ್ಜಿ ಯಲ್ಲವ್ವನ ಗಂಡನ ಅಜ್ಜ — ಹತ್ತಿ ತುಂಬಿದ ಅಂಡಿಗೆ ಚೀಲಗಳ ಬಾಯಿ ಹೊಲಿಯುವ ಕೆಲಸಕ್ಕೆ ಚಕ್ಕಡಿಗಳ ಹಿಂದೆ ಹೋಗುತ್ತಿದ್ದ. ಒಂದು ವರ್ಷ ಅಂಡಿಗೆಗಳ ಜೊತೆ ತಾನೂ ಹಡಗು ಹತ್ತಿದ. ಕಾರವಾರದ ಉತ್ತರಕ್ಕೆ, ಬೆಟ್ಟಗಳು ಸೀದಾ ನೀರಿಗೆ ಇಳಿದಿರುವ ಕಡೆ, ಗಾಳಿ ತಿರುಗಿ ಹಾಯಿ ಹರಿಯಿತು. ಹಡಗು ಬಂಡೆಗಳ ಕಡೆಗೆ ಜಾರತೊಡಗಿತು. ದುರ್ಗಪ್ಪ ಸೊಂಟದಲ್ಲಿದ್ದ ದಬ್ಬಣ ತೆಗೆದು, ಅಂಡಿಗೆ ಹೊಲಿದ ಹಾಗೆ ಹಾಯಿ ಹೊಲಿದ. ದಡ ಮುಟ್ಟಿದ ಮೇಲೆ ಹಡಗಿನ ಹಿರಿಯ ತಾಂಡೇಲ ಹೊಸ ಹಾಯಿ ಕಟ್ಟಿಸಿ, ಹಳೆಯದರ ಆ ತುಂಡನ್ನು ಅವನಿಗೇ ಕೊಟ್ಟ.

ಇದು ನಿಮ್ಮ ಮನೆಯ ಮಾತು. ಊರಿನ ದೊಡ್ಡ ಮನೆಗಳವರ ಮಾತು ಬೇರೆ — ದುರ್ಗಪ್ಪ ಘಟ್ಟವನ್ನೇ ಇಳಿಯಲಿಲ್ಲ, ಬಟ್ಟೆ ಯಾವುದೋ ಸಂತೆಯ ಡೇರೆಯದು. ನಿಮ್ಮವರು ಎದುರಾದರೆ "ಬಂದ್ರ ನೋಡ್ರಪಾ, ಎರಿ ಹೊಲದಾಗ ಹಡಗ ನಡಿಸಿದಾವ್ರು" ಎನ್ನುತ್ತಿದ್ದರು. ಅದನ್ನು ನಾನೂ ಕೇಳಿದ್ದೇನೆ. ಕೇಳಿ ಒಂದು ಸಲ ನಕ್ಕೂ ಇದ್ದೇನೆ.

ಅದಕ್ಕೆ ನಿಮ್ಮ ಮನೆಯ ಉತ್ತರ ಒಂದೇ ಆಗಿತ್ತು. ಹತ್ತಿ ಬಿಡಿಸುವ ಮೊದಲ ದಿನ ಪೆಟ್ಟಿಗೆಯಿಂದ ಹಾಯಿ ತೆಗೆದು ಹೊಲದಲ್ಲಿ ಹಾಸುವುದು, ಮೊದಲ ಉಡಿಯ ಹತ್ತಿಯನ್ನು ಅದರ ಮೇಲೆ ಸುರಿಯುವುದು. ಮನೆಯ ಹಿರಿಯರು ಅದರ ತುದಿಯನ್ನು ನಾಲಿಗೆಗೆ ಮುಟ್ಟಿಸಿ "ಹಡಗ ದಂಡಿಗೆ ಬಂತು" ಎನ್ನುವುದು. ಆಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ತುದಿ ಮುಟ್ಟಿಸಿಕೊಳ್ಳುವುದು. ಆ ಬಟ್ಟೆಗೆ ನೀರು ಸೋಕಬಾರದು. ಅದೊಂದೇ ಕಟ್ಟಳೆ.

ನಾನು ಆಗ ಸಂಶೋಧನೆಯ ವಿದ್ಯಾರ್ಥಿ. ಬಾಯಿಮಾತನ್ನು ನಂಬಬಾರದು ಎಂದು ಕಲಿತಿದ್ದೆ. ನಂಬದೇ ಇರುವುದಕ್ಕೂ ಒಂದು ಮರ್ಯಾದೆ ಇರುತ್ತದೆ ಎಂಬುದನ್ನು ಕಲಿತಿರಲಿಲ್ಲ. ಫೋಟೋ ತೆಗೆಯಲು ಎಂಟು ದಿನಕ್ಕೆಂದು ಹಾಯಿ ಕೇಳಿದೆ. ಯಲ್ಲವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟರು. "ಸಾಲಿ ಕಲತಾವ ಅದೀ, ನಿನಗ ಹೇಳೂದೇನೈತಿ ತಮ್ಮಾ. ನೀರ ಒಂದ ಮುಟ್ಟಿಸಬ್ಯಾಡ."

ನಾನು ಮುಟ್ಟಿಸಿದೆ. ಉಪ್ಪು ನಿಜವಾಗಿ ಇದೆಯೇ ಎಂದು ನೋಡಬೇಕಿತ್ತು. ನೂರಕ್ಕೂ ಹೆಚ್ಚು ವರ್ಷ ಅದು ಹೇಗೆ ಉಳಿದೀತು ಎಂಬ ಪ್ರಶ್ನೆ ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಸಿ, ಆ ನೀರನ್ನು ಪಾತ್ರೆಯಲ್ಲಿ ಕಾಯಿಸಿ ಇಂಗಿಸಿದೆ. ತಳದಲ್ಲಿ ಬೆಳ್ಳಗೆ ಒಂದು ಪದರ ನಿಂತಿತು. ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ, ಚಹಾಕ್ಕೆ ನೀರಿಡುವಾಗ ಚಹಾದ ಪಾತ್ರೆಯ ಒಳಮೈ ನೋಡಿದೆ — ಅದೇ ಬಿಳಿ ಪದರ. ನಮ್ಮ ಕಡೆಯ ಬೋರಿನ ನೀರು ಸವಳು. ಕಾಯಿಸಿದ ಪಾತ್ರೆಯಲ್ಲೆಲ್ಲ ಬಿಳಿ ಕಟ್ಟುತ್ತದೆ, ಇದು ಇಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಶಲವಡಿಯಲ್ಲಿ ಹುಟ್ಟಿ, ಆ ನೀರನ್ನೇ ಕುಡಿದು ಬೆಳೆದ ನನಗೆ — ಹೊಳೆಯಲಿಲ್ಲ.

ಹೀಗೆ ನನ್ನ ಪರೀಕ್ಷೆ ಏನನ್ನೂ ತೋರಿಸಲಿಲ್ಲ, ತೋರಿಸಬಹುದಾಗಿದ್ದನ್ನು ಮಾತ್ರ ತೊಳೆದುಹಾಕಿತು. ಒಣಗಿದ ಮೇಲೆ ತುದಿಯನ್ನು ನಾಲಿಗೆಗೆ ಹಚ್ಚಿಕೊಂಡೆ. ಬರೀ ಬಟ್ಟೆ. ಹೆದರಿ ಅಂಗಡಿಗೆ ಹೋದೆ.

ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ನೆನೆಸುವ ಮುಂಚೆ ನಾನು ರುಚಿ ನೋಡಿದ್ದೆನೇ? ನೋಡಿದ್ದೆ ಎಂದು ವರ್ಷಗಟ್ಟಲೆ ನಂಬಿದ್ದೆ. ನಿಮ್ಮ ಫೋನ್ ಬಂದ ದಿನ ಆಗಿನ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದೆ. "ಉಪ್ಪು" ಎಂದು ಬರೆದಿದ್ದೇನೆ, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಇದೆ. ಅದಕ್ಕೂ ಮೇಲಿನ ಸಾಲಿನಲ್ಲಿ, ಯಲ್ಲವ್ವ ಉಪ್ಪು ಹಚ್ಚಿ ಹುರಿದ ಶೇಂಗಾ ಕೊಟ್ಟರೆಂದು ಇದೆ. ಉಪ್ಪು ಶೇಂಗಾದ್ದೋ ಹಾಯಿಯದೋ — ಇದನ್ನು ಇನ್ನು ಯಾರೂ ಹೇಳಲಾರರು. ನಾನಂತೂ ಹೇಳಲಾರೆ.

ಹತ್ತಿ ಬಿಡಿಸುವ ದಿನ ಹಾಯಿಯನ್ನು ತಂದು ಒಪ್ಪಿಸಿದೆ. ದೊಡ್ಡ ಮನೆಯ ಇಬ್ಬರು ಬದುವಿನ ಮೇಲೆ ನಿಂತಿದ್ದರು, ನಗಲು ತಯಾರಾಗಿ. ಯಲ್ಲವ್ವ ತುದಿಯನ್ನು ನಾಲಿಗೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿದವರು ಬೇಗ ತೆರೆಯಲಿಲ್ಲ. ತೆರೆದಾಗ ನನ್ನನ್ನೇ ನೋಡುತ್ತಿದ್ದರು.

"ಈ ಸಲ ಸಮುದ್ರ ಭಾಳ ಸಮೀಪ ಬಂದೈತಿ, ತಮ್ಮಾ" ಎಂದರು, ನನಗಷ್ಟೇ ಕೇಳುವಂತೆ. ಆಮೇಲೆ ಎಲ್ಲರ ಕಡೆ ತಿರುಗಿ, ಹಡಗ ದಂಡಿಗೆ ಬಂತು ಎಂದರು.

ಬದುವಿನ ಮೇಲಿದ್ದವರನ್ನೂ ಕರೆದು ಮುಟ್ಟಿಸಿದರು. ಅವರು ನಗಲಿಲ್ಲ. ಒಬ್ಬಾತ ತುಟಿ ಒರೆಸಿಕೊಂಡು, "ಖರೇನ ಐತಲ್ಲೋ" ಎಂದ. ಆ ಹೊತ್ತು ನಿಮ್ಮ ಕೇರಿಯವರ ಮುಖಗಳು ಹೇಗಿದ್ದವು ಎಂದು ನೆನಪಿದೆ. ಅದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ನಾನು ಬಾಯಿ ಬಿಡಬೇಕಿದ್ದ ಹೊತ್ತೂ ಅದೇ. ಬದಲಿಗೆ ನನ್ನ ಪ್ರಬಂಧದಲ್ಲಿ "ಬಟ್ಟೆಯಲ್ಲಿ ಲವಣಾಂಶ ಇಂದಿಗೂ ಉಳಿದಿದೆ" ಎಂದು ಬರೆದೆ. ಪದವಿ ಬಂತು. ನೌಕರಿಯೂ ಬಂತು.

ಯಲ್ಲವ್ವನಿಗೆ ಗೊತ್ತಾಗಿತ್ತೇ? ಆ ಮಾತನ್ನು ಅವರು ನಿಜಕ್ಕೂ ಆಡಿದರೇ, ಅಥವಾ ಇಷ್ಟು ವರ್ಷಗಳಲ್ಲಿ ನಾನೇ ಕಟ್ಟಿಕೊಂಡೆನೇ — ಅವರು ಬದುಕಿದ್ದಾಗ ಕೇಳಲು ಹತ್ತು ಸಲ ಹೋದೆ. ಹತ್ತೂ ಸಲ ಚಹಾ ಕುಡಿದು ಬಂದೆ.

ಈಗ ಪ್ರಯೋಗಾಲಯದವರು ನೋಡಿದರೆ ಸಿಗುವುದು ಅಯೋಡಿನ್ ಬೆರೆತ ಅಂಗಡಿ ಉಪ್ಪು. ಅದು ದುರ್ಗಪ್ಪನ ಕಾಲದಲ್ಲಿ ಇರಲಿಲ್ಲ ಎಂದು ಅವರು ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಸುಳ್ಳುಬುರುಕರು ಎಂಬ ಮಾತು ಮತ್ತೆ ನಿಮ್ಮ ಮನೆಯ ಮೇಲೆಯೇ ಬೀಳುತ್ತದೆ — ಈ ಸಲ ಮುದ್ರೆಯೊತ್ತಿದ ಕಾಗದದ ಮೇಲೆ. ಅದು ಬೀಳಬೇಕಾದದ್ದು ನನ್ನ ಮೇಲೆ. ವಸ್ತುಸಂಗ್ರಹಾಲಯದವರು ಕೇಳಿದ ಪತ್ರವನ್ನು ಬರೆದು ಇದರ ಜೊತೆಗಿಟ್ಟಿದ್ದೇನೆ. ಉಪ್ಪು ನಾನು ಹಾಕಿದ್ದು, ಮನೆಯವರಿಗೆ ಗೊತ್ತಿರಲಿಲ್ಲ ಎಂದು ಅದರಲ್ಲಿದೆ. ಇನ್ನೊಂದು ಮಾತೂ ಇದೆ: ಹಾಯಿಯ ನಡುವೆ ಮೊಳದುದ್ದ ಹರಿದಿರುವಲ್ಲಿ ಹಾಕಿರುವ ಹೊಲಿಗೆ, ಎರಡು ಟಾಕಾ ಮುಂದೆ ಒಂದು ಟಾಕಾ ಹಿಂದೆ, ಗುಡಗೇರಿಯಲ್ಲಿ ಅಂಡಿಗೆಯ ಬಾಯಿಗೆ ಹಾಕುತ್ತಿದ್ದ ಹೊಲಿಗೆ. ಅದು ನನ್ನ ಕೈಯದಲ್ಲ. ಅದರಿಂದ ಏನು ಸಾಬೀತಾಗುತ್ತದೆ ಎಂದು ಹೇಳುವ ಹಕ್ಕು ನನಗೆ ಉಳಿದಿಲ್ಲ, ನೋಡುವವರು ನೋಡಲಿ.

ಪತ್ರವನ್ನು ಕಳಿಸುವುದೋ ಹರಿಯುವುದೋ ನಿಮಗೆ ಬಿಟ್ಟದ್ದು ಎಂದು ಮೊದಲು ಬರೆದಿದ್ದೆ. ಅದನ್ನು ಹೊಡೆದುಹಾಕಿದೆ. ಅದೂ ನನ್ನ ಭಾರವನ್ನು ನಿಮ್ಮ ಹೆಗಲಿಗೆ ದಾಟಿಸುವ ಮಾತೇ. ವಸ್ತುಸಂಗ್ರಹಾಲಯಕ್ಕೆ ಒಂದು ಪ್ರತಿಯನ್ನು ಇವತ್ತೇ ಅಂಚೆಗೆ ಹಾಕಿದ್ದೇನೆ.

ಬರುವ ವಾರ ನಿಮ್ಮ ಹೊಲದಲ್ಲಿ ಹತ್ತಿ ಬಿಡಿಸುವುದು ಶುರುವಾಗುತ್ತದೆ. ನಾನು ಬರುತ್ತೇನೆ. ಬದುವಿನ ಮೇಲೆ ಯಾರು ನಿಂತಿದ್ದರೂ ಅವರ ಮುಂದೆಯೇ ಹೇಳುತ್ತೇನೆ. ಪ್ರತಿ ವರ್ಷದ ಹಾಗೆ ಅತಿಥಿ ಎಂದು ಆ ತುದಿಯನ್ನು ನನ್ನ ಮುಂದೆ ಹಿಡಿಯಬೇಡಿ, ರೇಣುಕಾ. ಅದರ ರುಚಿ ನನಗೆ ಗೊತ್ತು.