ಬ್ಯಾಡಗಿಗೆ ಹೋದ ಎರಡನೆಯ ಫೋನು

ಆ ಎರಡನೆಯ ಫೋನ್ ಮಾಡಿದವನು ನಾನು, ಪಾಟೀಲ ಸರ್. ನಿಮ್ಮ ದನಿಯಲ್ಲಿ.

ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮು, ನಮ್ಮ ಮಾವನ ಗೊರಕೆ — ಎಲ್ಲವನ್ನೂ ಅಣಕಿಸಿ ತೆಗೆಯುತ್ತಿದ್ದೆ. ಪಾಠ ಮಾತ್ರ ನನ್ನದೇ ದನಿಯಲ್ಲಿ. ಅದಕ್ಕೇ ಹುಡುಗರು ಆಕಳಿಸುತ್ತಿದ್ದರು. ನೀವು ಬ್ಯಾಡಗಿಗೆ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗುವವರಿದ್ದಿರಿ. ಯಾವ ಹುಡುಗನಿಗೆ ಗುರುತಿಸಲು ಯಾವ ಲವಣವೆಂದು ಅಲ್ಲಿಯ ಅಟೆಂಡರ್ ಬಸಣ್ಣನಿಗೆ ಹಿಂದಿನ ದಿನವೇ ನಮ್ಮ ಸ್ಟಾಫ್ ರೂಮಿನ ಫೋನಿನಲ್ಲಿ ಹೇಳಿದಿರಿ. ನೀವು ಹೊರಬಿದ್ದದ್ದೇ ತಡ, ನಾನು ಅದೇ ನಂಬರಿಗೆ ಫೋನ್ ಹಚ್ಚಿ, ನಿಮ್ಮಂತೆಯೇ ಮೂಗಿನಿಂದ ಎಳೆದೆ: "ಬಸಣ್ಣಾ, ಮೊದಲ ಹೇಳಿದ್ದು ಬಿಡು. ಎಲ್ಲಾರಿಗೂ ಒಂದ ಲವಣ ಕಟ್ಟಿಡಪಾ."

ಎಲ್ಲರಿಗೂ ಒಂದೇ ಯಾಕೆಂದು ಬೆಳಿಗ್ಗೆ ಅವನು ನಿಮ್ಮನ್ನೇ ಕೇಳುತ್ತಾನೆ, ನೀವು ಕೆಂಪಾಗುತ್ತೀರಿ, ನಾವು ನಗುತ್ತೇವೆ — ಅಷ್ಟೇ ನನ್ನ ಲೆಕ್ಕ. ಆದರೆ ಪರೀಕ್ಷಕರಿಗೆ ತಿರುಗಿ ಪ್ರಶ್ನೆ ಕೇಳುವ ಅಟೆಂಡರ್ ಎಲ್ಲಿದ್ದಾನೆ? ಅವನು ಕೇಳಲಿಲ್ಲ. ಕಟ್ಟಿಟ್ಟ. ಮೊದಲ ತಂಡ ಹೊರಬಂದು ಉತ್ತರ ಹೇಳಿತು. ಎರಡನೆಯ ತಂಡ ಲವಣ ಕಾಯಿಸುವ ದೀಪ ಹಚ್ಚದೆಯೇ ಉತ್ತರ ಬರೆಯಿತು. ನೀವೇ ಅದನ್ನು ಹಿಡಿದು ಪರೀಕ್ಷೆ ನಿಲ್ಲಿಸಿದಿರಿ. ಊರು ಮಾತ್ರ ನಿಮ್ಮನ್ನೇ ಹಿಡಿಯಿತು.

ಹಾವೇರಿಯಲ್ಲಿ ವಿಚಾರಣೆ. "ಸರ್ ದನೀನ ಅದು, ಆಣಿ ಮಾಡ್ತೇನ್ರಿ" ಎಂದ ಬಸಣ್ಣ. "ನಾ ಒಮ್ಮೆ ಅಷ್ಟ ಮಾತಾಡೇನ್ರಿ" ಎಂದಿರಿ ನೀವು. ಆ ದನಿ ಬೇರೆಯವರದ್ದಾಗಿರಬಹುದೇ ಎಂದು ವಿಚಾರಣೆಯ ಸಾಹೇಬರು, ನಿಮ್ಮ ಸಹೋದ್ಯೋಗಿಯೆಂದು ಕರೆಸಿದ್ದ ನನ್ನನ್ನು ಕೇಳಿದರು. ಆಗಲಾದರೂ ನಾನು —

"ಪಾಟೀಲ ಸರ್ ದನಿ ಸಂತ್ಯಾಗ ಕೇಳಿದ್ರೂ ಗುರ್ತ ಸಿಗತೈತ್ರಿ!" ಎಂದುಬಿಟ್ಟೆ.

ಸಾಹೇಬರು ನಕ್ಕರು. ಅಲ್ಲಿಗೆ ಮುಗಿಯಿತು. ಪರೀಕ್ಷಾ ಕೆಲಸದಿಂದ ನಿವೃತ್ತಿ ಎಂದು ಬರೆದುಕೊಟ್ಟರೆ ಮಾನ ಉಳಿಯುತ್ತದೆ ಎಂದರು. ಬರೆದುಕೊಟ್ಟಿರಿ. ಮಾನ ಉಳಿಯಲಿಲ್ಲ.

ಪರೀಕ್ಷಾ ಕೆಲಸದಿಂದ ನಿಮ್ಮನ್ನು ನಾವು ಸ್ಟಾಫ್ ರೂಮಿನಲ್ಲಿ ಚಹಾ, ಚೂಡಾ ತರಿಸಿ ಬೀಳ್ಕೊಟ್ಟೆವು. "ಏ, ಸರ್ ದನಿ ತಗಿಯೋ!" ಎಂದರು ಯಾರೋ. ತೆಗೆದೆ — ಆಗಲೂ. ಚಪ್ಪಾಳೆ ನಿಂತ ಮೇಲೆ ನೀವು ಮೆಲ್ಲಗೆ ಕೇಳಿದಿರಿ:

"ಎಷ್ಟ್ ಚಂದ ತಗೀತಿಯೋ ತಮ್ಮಾ. ಫೋನಿನ್ಯಾಗೂ ಹಿಂಗ ಕೇಳತೈತೇನು?"

ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ನೀವು ನಗು ಮುಗಿಯುವವರೆಗೆ ಕಾದಿರಿ, ನನ್ನ ಮುಖ ನೋಡುತ್ತ. ಆಮೇಲೆ ಎದ್ದು ಹೋದಿರಿ.

ಇಷ್ಟು ವರ್ಷಕ್ಕೆ ಉತ್ತರ ಕೊಡುತ್ತಿದ್ದೇನೆ. ಕೇಳುತ್ತದೆ, ಸರ್. ಥೇಟ್ ಹಾಗೇ ಕೇಳುತ್ತದೆ. ಇದನ್ನು ಹಾವೇರಿಯ ಅದೇ ಕಚೇರಿಯಲ್ಲಿ ಹೇಳಿದ ಮೇಲೆಯೇ ನಿಮ್ಮ ಬಾಗಿಲು ಬಡಿಯುತ್ತೇನೆ. ತೆರೆಯದಿದ್ದರೂ ಸರಿ.