ಅಕ್ಕಿ ಡಬ್ಬದೊಳಗಿನ ಬಳೆ

ಹೋದ ವಾರ ಹಳೆಯ ತಗಡಿನ ಅಕ್ಕಿ ಡಬ್ಬವನ್ನು ಗುಜರಿಗೆ ಹಾಕೋಣವೆಂದು ಅಟ್ಟದಿಂದ ಇಳಿಸಿದೆ. ಒಳಗೆ ಏನೋ ಕಿಣಿಕಿಣಿ ಅಂದಿತು. ಮುಚ್ಚಳ ತೆಗೆದೆ. ಒಣಗಿದ ಬೇವಿನೆಲೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ...

ತೊಂಬತ್ತರ ದಶಕದಲ್ಲಿ ನಾವು ಲಗ್ಗೆರೆಯಲ್ಲಿ ಶೀಟಿನ ಮನೆಯೊಂದರಲ್ಲಿದ್ದೆವು. ಯಜಮಾನರಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ನಮ್ಮ ಬೀದಿಯ ಹೆರಿಗೆಗಳೆಲ್ಲ ಸೂಲಗಿತ್ತಿ ಅಜ್ಜಿಯ ಕೈಯಲ್ಲೇ. ಹೆರಿಗೆಗೆ ಬಂದ ಅಜ್ಜಿ ಮೊದಲು ತಮ್ಮ ಎರಡು ಹಸಿರು ಗಾಜಿನ ಬಳೆ ತೆಗೆದು ದೇವರ ಗೂಡಿನಲ್ಲಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ತಮ್ಮ ಕೈಮೀರಿದ್ದು ಅನ್ನಿಸಿದರೆ ಮಾತ್ರ ಆ ಬಳೆಗಳನ್ನು ಬಸುರಿಯ ಕೈಗೇ ತೊಡಿಸಿಬಿಡುತ್ತಿದ್ದರು. ಅವರಿಗೆ ಓದುಬರಹ ಬಾರದು, ಬಳೆಯೇ ಚೀಟಿ. ಕಪ್ಪು ದಾರ ಸುತ್ತಿದ ಆ ಬಳೆ ಕಂಡರೆ ದೊಡ್ಡಾಸ್ಪತ್ರೆಯ ಆಯಾಗಳು ಸಾಲಿನಲ್ಲಿ ನಿಲ್ಲಿಸದೆ ಒಳಗೆ ಕರೆದೊಯ್ಯುತ್ತಿದ್ದರು. ಬದುಕಿ ಬಂದವಳು ತಾನೇ ಹೋಗಿ ಬಳೆ ಹಿಂದಿರುಗಿಸಬೇಕು. ಅವಳು ಸತ್ತು ಬೇರೆಯವರ ಕೈಯಲ್ಲಿ ಬಂದ ಬಳೆಯನ್ನು ಅಜ್ಜಿ ಮತ್ತೆ ತೊಡುತ್ತಿರಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಹೊಸ ಬಳೆಗೆ ದಾರ ಸುತ್ತುತ್ತಿದ್ದರು. ಮೊಳೆಯ ಮೇಲಿನವು ಗಾಳಿಯಿಲ್ಲದಾಗಲೂ ಅಲುಗುವುದನ್ನು ನಾನು ನೋಡಿದ್ದೇನೆ.

ಹಾಗಾಗಿ ಅಜ್ಜಿ ಬಳೆ ತೊಡಿಸಿದರೆ ಸಾವು ಖಂಡಿತ ಎಂದು ಬೀದಿಯಲ್ಲಿ ಮಾತು ಹಬ್ಬಿತ್ತು. ಹೆದರಿ ತಡಮಾಡಿದವರೇ ಸತ್ತಿದ್ದು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ.

ನನಗೆ ಎಂಟು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ತಲೆ ಸಿಡಿಯತೊಡಗಿತು. ಅಜ್ಜಿ ಬಂದು ಊದಿದ ನನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಹಾಗೇ ಉಳಿಯಿತು. ತಮ್ಮ ಬಳೆ ತೆಗೆದು ನನ್ನ ಕೈಗೆ ಏರಿಸಿದರು.

"ಈಗ್ಲೇ ಆಸ್ಪತ್ರೆಗೆ ಓಗವ್ವ. ಇವನ್ನ ನೀನೇ ತಂದ್ಕೊಡ್ಬೇಕು."

ಅವರು ಇನ್ನೊಂದು ಮನೆಗೆ ಹೊರಟಿದ್ದೇ ತಡ, ಅತ್ತೆ ಬಳೆಗಳನ್ನು ಕಿತ್ತುಕೊಂಡರು. ಅತ್ತೆ ಕೆಟ್ಟವರಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಅವರು ನಿಜವಾಗಿಯೂ ಎರಡು ಕುಲಾವಿ ಹೊಲಿದಿಟ್ಟಿದ್ದರು.

"ಆ ಬಳೆ ಇಕ್ಕೊಂಡೋರು ಮನೆಗೆ ಬರಾಕಿಲ್ಲ."

ಬಳೆಗಳನ್ನು ಅಕ್ಕಿಯೊಳಗೆ ಹೂತು, ಮುಚ್ಚಳದ ಮೇಲೆ ರುಬ್ಬುಗುಂಡು ಇಟ್ಟರು. ಮಲಗು, ಸರಿಹೋಗುತ್ತೆ ಅಂದರು.

ಮಧ್ಯಾಹ್ನದ ಹೊತ್ತಿಗೆ ಕಣ್ಣ ಮುಂದೆ ಬೆಳಕಿನ ಚುಕ್ಕಿಗಳು ಕುಣಿಯುತ್ತಿದ್ದವು. ಆಗ ಡಬ್ಬದೊಳಗಿನಿಂದ ಕೇಳಿಸಿತು, ಕಿಣಿಕಿಣಿ... ಅಕ್ಕಿಯಲ್ಲಿ ಹೂತ ಬಳೆ ಸದ್ದು ಮಾಡುವುದಾದರೂ ಹೇಗೆ? ಅತ್ತೆಯ ಮುಖ ನೋಡಿದೆ. ಅವರಿಗೂ ಕೇಳಿಸಿತ್ತು. ನಾನು ತೆವಳಿಕೊಂಡು ಹೋಗಿ ಗುಂಡು ಉರುಳಿಸಿ, ಅಕ್ಕಿಗೆ ಕೈಹಾಕಿ ಬಳೆ ತೊಟ್ಟುಕೊಂಡೆ. ಅತ್ತೆ ತಡೆಯಲಿಲ್ಲ. ಅಳುತ್ತಾ ಆಟೋ ತರಲು ಓಡಿದರು.

ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಬೈದರು. ಮಗಳು ಉಳಿದಳು, ನಾನೂ ಉಳಿದೆ. ಬಾಣಂತನ ಮುಗಿದ ಮೇಲೆ ನಾನೇ ಹೋಗಿ ಬಳೆ ಕೊಟ್ಟೆ. ಅಜ್ಜಿ ಅವನ್ನು ತೊಟ್ಟುಕೊಂಡು ಮಗುವಿನ ನೆತ್ತಿ ಮೂಸಿದರು. ಸದ್ದಿನ ವಿಷಯ ಹೇಳಿದಾಗ ಬಾಗಿಲ ಹಿಂದಿನ ಮೊಳೆಯತ್ತ ನೋಡಿದರು.

ಎರಡು ವರ್ಷದ ಮೇಲೆ ಅಜ್ಜಿಗೇ ಉಸಿರು ಕಟ್ಟತೊಡಗಿತು. ಅದೇ ದೊಡ್ಡಾಸ್ಪತ್ರೆಗೆ ಆಟೋ ಹತ್ತಿಸಿದೆವು. ಆ ವಾರವಷ್ಟೇ ಬಳೆಗಳನ್ನು ಇನ್ನೊಬ್ಬ ಬಸುರಿಗೆ ತೊಡಿಸಿ ಕಳಿಸಿದ್ದರಿಂದ ಅವರ ಕೈ ಬರಿದಾಗಿತ್ತು. ನನ್ನ ಎರಡೂ ಕೈತುಂಬ ಬಳೆಗಳಿದ್ದವು. ಎರಡು ತೆಗೆದು ತೊಡಿಸಿ, ಇವನ್ನ ನೀವೇ ತಂದುಕೊಡಬೇಕು ಅನ್ನಬೇಕಿತ್ತು... ನಾನು ಅನ್ನಲಿಲ್ಲ. ಅಜ್ಜಿ ತಿರುಗಿ ಬರಲಿಲ್ಲ. ಆ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಡಬ್ಬವನ್ನು ಗುಜರಿಗೆ ಹಾಕಲಿಲ್ಲ. ಅಂದು ಅಜ್ಜಿಗೆ ತೊಡಿಸದಿದ್ದುದಕ್ಕೆ, ನನ್ನ ಕೈಯಿಂದ ಎರಡು ಗಾಜಿನ ಬಳೆ ತೆಗೆದು ಒಳಗಿಟ್ಟು ಮುಚ್ಚಿದೆ. ಈಗ ಎತ್ತಿ ಅಲ್ಲಾಡಿಸಿದರೂ ಅದು ಸದ್ದು ಮಾಡುವುದಿಲ್ಲ.