ರೈಟರ್ ಎಂದು ಸಹಿ ಮಾಡಿದ ಹದಿನೇಳು ಅಭಿಪ್ರಾಯಗಳು

ನವೆಂಬರ್ 9, ಭಾನುವಾರ, ಬೆಳಿಗ್ಗೆ 11.15. ಮೇ ತಿಂಗಳಿನಿಂದ ನನ್ನ ದಿನಚರಿಯಲ್ಲಿ ಅಲ್ಲೊಂದು ಇಲ್ಲೊಂದು ಸಾಲಾಗಿ ಬಿದ್ದಿರುವ ಸಂಗತಿಯನ್ನು ಇವತ್ತು ಒಂದೇ ಕಡೆ ಬರೆಯಲು ಕೂತಿದ್ದೇನೆ. ತಪ್ಪು ನನ್ನದು. ಅದನ್ನು ಸರಿಮಾಡಲು ನನ್ನೊಬ್ಬಳಿಂದ ಆಗುತ್ತಿಲ್ಲ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯಲ್ಲಿ ಹಾಲಿನ ಸೊಸೈಟಿಯ ಮೇಲಿನ ಎರಡು ಕೋಣೆಗಳೇ ನಮ್ಮ ವಾಚನಾಲಯ. ಬುಧವಾರ ಸಂಜೆ ಮತ್ತು ಶನಿವಾರ ಮಧ್ಯಾಹ್ನದ ಮೇಲೆ ನಾನು ಬಾಗಿಲು ತೆಗೆಯುತ್ತೇನೆ. ಉಳಿದ ಹೊತ್ತು ಮಣ್ಣು ಪರೀಕ್ಷೆಯ ಲ್ಯಾಬ್ ಒಂದರಲ್ಲಿ ಚೀಲಗಳಿಗೆ ನಂಬರ್ ಹಾಕುವ ಕೆಲಸ. ಅಲ್ಲಿ ಸೇರಿದ ಮೊದಲ ವಾರವೇ ಅನುಮಾನ ಪಡುವುದನ್ನು ಕಲಿತೆ. ತೋಟದ ಐದಾರು ಕಡೆಯ ಮಣ್ಣು ಬೆರೆಸಿ ತನ್ನಿ ಎಂದರೆ, ಮನೆ ಹಿಂದಿನ ಗೊಬ್ಬರಗುಂಡಿಯ ಬದಿಯಿಂದ ಒಂದು ಹಿಡಿ ತುಂಬಿಕೊಂಡು ಬರುವವರಿದ್ದಾರೆ. ತಮ್ಮ ಮಣ್ಣಿಗೆ ಒಳ್ಳೆಯ ರಿಪೋರ್ಟ್ ಬರಲಿ ಅಂತ.

ಮಾರ್ಚಿನಲ್ಲಿ ಊರು ಬಿಟ್ಟು ಹೋಗುವ ಮನೆಯವರೊಬ್ಬರು ವಾಚನಾಲಯಕ್ಕೆ 36 ಪುಸ್ತಕ ಕೊಟ್ಟರು. ಕಥೆ ಕಾದಂಬರಿ ಒಂದೂ ಇಲ್ಲ. ಜಲವರ್ಣ, ಉಲ್ಲನ್ ಹೆಣಿಗೆ, ಜೇಡಿಮಣ್ಣಿನ ಗೊಂಬೆ, ಬಿದಿರಿನ ಬುಟ್ಟಿ, ಕಸೂತಿ, ಅಡುಗೆ. ಇದನ್ನೆಲ್ಲ ಯಾರು ಓದುತ್ತಾರೆ ಎಂದು ಸಮಿತಿಯಲ್ಲಿ ಕೇಳಿದರು. ಓದುಗರೇ ಹೇಳಲಿ ಎಂದು ನಾನು ಪ್ರತಿ ಪುಸ್ತಕದ ಹಿಂದೆ ಒಂದು ಉದ್ದನೆಯ ಚೀಟಿ ಅಂಟಿಸಿದೆ. ಎಡಗಡೆ ‘ಅಭಿಪ್ರಾಯ’, ಬಲಗಡೆ ‘ಸಹಿ’.

ಆಗಸ್ಟ್ 2ರಂದು ಎಣಿಸಿದಾಗ ಒಟ್ಟು 94 ಅಭಿಪ್ರಾಯಗಳಿದ್ದವು. ಅದರಲ್ಲಿ ‘ಚೆನ್ನಾಗಿದೆ’ ಎಂಬ ಒಂದೇ ಪದ 58. ‘ಬಹಳ ಉಪಯುಕ್ತ’ 14. ನನಗೆ ಅಲ್ಲೇ ಸಂಶಯ ಬಂತು. ಹೆಣಿಗೆ ಪುಸ್ತಕಕ್ಕೆ ಆರು ‘ಚೆನ್ನಾಗಿದೆ’ ಬಿದ್ದಿದ್ದವು, ಆದರೆ ಅದರ 40 ಮತ್ತು 41ನೇ ಪುಟಗಳು ಪ್ರೆಸ್ಸಿನಿಂದ ಬಂದ ಹಾಗೇ ಅಂಟಿಕೊಂಡಿದ್ದವು. ಜೇಡಿಮಣ್ಣಿನ ಪುಸ್ತಕವನ್ನು ‘ಬಹಳ ಉಪಯುಕ್ತ’ ಎಂದವರು ಅದರೊಳಗೆ ಜರಿಗಿಡದ ಎಲೆ ಇಟ್ಟು ಒಣಗಿಸಿಕೊಂಡಿದ್ದರು. ಉಪಯೋಗವಾದದ್ದಂತೂ ನಿಜ. ಬಿದಿರಿನ ಪುಸ್ತಕದ ಹಿಂದೆ ಮಾತ್ರ ಯಾರೋ ಬರೆದಿದ್ದರು: ‘ಇದನ್ನು ಬರೆದವರು ಒಂದು ದಿನವೂ ಬಿದಿರು ಸೀಳಿಲ್ಲ.’ ಇಂಥ ಬೇರೆ ಥರದ ಅಭಿಪ್ರಾಯಗಳು 22. ಆ 22ರಲ್ಲಿ 17 ಒಂದೇ ಪುಸ್ತಕದವು, ಒಂದೇ ಕೈಬರಹದವು, ಎಲ್ಲದಕ್ಕೂ ಒಂದೇ ಸಹಿ: ‘ರೈಟರ್’.

ಆ ಪುಸ್ತಕ ದಾನದ ಕಟ್ಟಿನದಲ್ಲ. ಕಳಸದ ಕಡೆಯ ಪುರೋಹಿತರ ಮನೆಯ ನಿವೃತ್ತ ಟೀಚರ್ ಒಬ್ಬರು ನಲವತ್ತು ಅಡುಗೆಗಳನ್ನು ಬರೆದು ತಾವೇ ಅಚ್ಚು ಹಾಕಿಸಿದ್ದು. ಹದಿನೈದು ದಿನಕ್ಕೊಮ್ಮೆ ಶನಿವಾರ ಬಸ್ಸಿನಲ್ಲಿ ಬಂದು, ಮೇಲಿನ ಕೋಣೆಯ ಕಿಟಕಿಯ ಪಕ್ಕ ಕೂತು ಓದಿಕೊಂಡು ಹೋಗುತ್ತಿದ್ದರು. ಅವರು ಕೊಟ್ಟ ಪ್ರತಿಗೂ ನಾನು ಚೀಟಿ ಅಂಟಿಸಿ ಕೆಳಗೆ, ಸೊಸೈಟಿ ಕೌಂಟರಿನ ಮೇಲಿನ ಬುಟ್ಟಿಯಲ್ಲಿಟ್ಟಿದ್ದೆ. ಬುಟ್ಟಿಯ ಪುಸ್ತಕಗಳಿಗೆ ಕಾರ್ಡ್ ಬೇಡ, ಹೆಸರು ಬೇಡ. ನಾವು ಬಾಗಿಲು ತೆಗೆಯುವ ಹೊತ್ತಿಗೆ ಬರಲಾಗದ ತೋಟದವರು, ಬೆಳಿಗ್ಗೆ ಹಾಲು ಹಾಕಲು ಬಂದಾಗ ತೆಗೆದುಕೊಂಡು ಹೋಗಿ ವಾಪಸ್ ಇಡಬಹುದು. ನನ್ನ ವಾಚನಾಲಯದಲ್ಲಿ ರಿಜಿಸ್ಟರ್ ಇಲ್ಲದ ಜಾಗ ಅದೊಂದೇ, ಅದನ್ನು ಮಾಡಿದವಳೂ ನಾನೇ.

ಮೊದಲ ‘ರೈಟರ್’ ಕಣ್ಣಿಗೆ ಬಿದ್ದದ್ದು ಮೇ 24ರಂದು. ‘ಪುಟ 6. ಒಂದೆಲಗದ ತಂಬುಳಿ. ಬರೆದ ಹಾಗೆ ಮಾಡಿಸಿದೆ. ಸರಿಯಾಗಿದೆ.’ ಆಮೇಲೆ ಸಾಲಾಗಿ ಬಂದವು. ‘ಪುಟ 9. 14 ಜನ ತಿಂದರು. ಇಬ್ಬರು ಇನ್ನೊಮ್ಮೆ ಬೇಡ ಎಂದರು.’ ‘ಪುಟ 14. ಹದ ಬರುವವರೆಗೆ ಬೇಯಿಸಿ ಎಂದಿದೆ. ಹದ ಎಂದರೆ ಎಷ್ಟು ನಿಮಿಷ?’ ಜುಲೈ 19ರಂದು, ಹುಳಿ ಬೀಳದಿದ್ದರೆ ತುರಿಸುವ ಕೆಸುವಿನ ಎಲೆಯ ತಿಂಡಿಯ ಬಗ್ಗೆ: ‘ಪುಟ 22. ಪತ್ರೊಡೆ. ಹುಳಿ ಹಾಕಬೇಕು ಎಂದು ಬರೆದಿಲ್ಲ, ಆದ್ದರಿಂದ ಹಾಕಿಸಲಿಲ್ಲ. ಎಲ್ಲರಿಗೂ ಗಂಟಲು ಕೆರೆಯಿತು. ಉಳಿದಂತೆ ರುಚಿ ಇತ್ತು.’

ಈ ಮನುಷ್ಯ ನಿಜವಾಗಿ ಅಡುಗೆ ಮಾಡಿಸಿದ್ದಾನೆ ಎಂದು ಬೇರೆ ಯಾರಿಗಾದರೂ ಮೊದಲು ಅನ್ನಿಸುತ್ತಿತ್ತು. ನನಗೆ ಅನ್ನಿಸಿದ್ದು ಬೇರೆ. ರೈಟರ್ ಎಂದರೆ ಬರೆದವರು. ಬರೆದವರು ಟೀಚರ್. ತಮ್ಮ ಪುಸ್ತಕಕ್ಕೆ ತಾವೇ ಮಾತು ಹುಟ್ಟಿಸುತ್ತಿದ್ದಾರೆ. ನಡುವೆ ಒಂದೆರಡು ತಪ್ಪು ತೋರಿಸಿದ್ದು ಹೊಗಳಿಕೆಯನ್ನು ನಂಬಿಸಲು. ಮನೆಯಲ್ಲಿ ಒಬ್ಬರೇ ಇರುವವರು 14 ಜನಕ್ಕೆ ಎಲ್ಲಿಂದ ಬಡಿಸಿದರು? ರಿಜಿಸ್ಟರಿನಲ್ಲಿದ್ದ ಟೀಚರ ಬರವಣಿಗೆಯನ್ನು ಚೀಟಿಯ ಪಕ್ಕ ಇಟ್ಟು ನೋಡಿದೆ. ಅದೇ ದುಂಡು ಅಕ್ಷರ, ‘ಳ’ದ ಬಾಲ ಅದೇ ಕಡೆಗೆ ತಿರುಗಿತ್ತು.

ಎದುರಿಗೆ ಕೇಳುವ ಧೈರ್ಯ ಬರಲಿಲ್ಲ. ಆಗಸ್ಟ್ 9ರಂದು ಚೀಟಿಯ ಕೆಳಗೆ ಕೆಂಪು ಪೆನ್ಸಿಲ್‌ನಲ್ಲಿ ಬರೆದೆ: ‘ರೈಟರ್ ಅವರೇ, ಇಲ್ಲಿ ಅಭಿಪ್ರಾಯ ಹೇಳಬೇಕಾದವರು ನೀವಲ್ಲ. ದಯವಿಟ್ಟು ಇನ್ನು ಬರೆಯಬೇಡಿ.’ 16ರಂದು ನೋಡಿದರೆ ಅದರ ಕೆಳಗೆ ಅದೇ ದುಂಡು ಅಕ್ಷರದಲ್ಲಿ ಉತ್ತರ: ‘ಸರಿ. ಇನ್ನು ಬರೆಯುವುದಿಲ್ಲ.’

ಆ ದಿನದ ದಿನಚರಿಯಲ್ಲಿ ನಾನು ಬರೆದುಕೊಂಡದ್ದು ಎರಡೇ ಪದ. ‘ತಪ್ಪು ಒಪ್ಪಿಕೊಂಡರು.’

ಆಗಸ್ಟ್ 23, ಶನಿವಾರ. ಟೀಚರ್ ಮನೆಗೆ ಹೊರಟು ಕೌಂಟರಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದರು. ಬುಟ್ಟಿಯಲ್ಲಿ ತಮ್ಮದೇ ಪುಸ್ತಕ ಕಂಡು ಎತ್ತಿಕೊಂಡರು. ನಾನು ಬೀಗ ಹಾಕಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ಹಿಂದಿನ ಚೀಟಿಯನ್ನು ಪೂರ್ತಿ ಓದಿದ್ದರು.

“ಈ ಕೆಂಪಕ್ಷರ ನಿನ್ನದಾ ಮಾರಾಯ್ತಿ?”

“ಹೌದು ಟೀಚರ್.”

“ಯಾರಿಗೆ ಬರೆದದ್ದು?”

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡಿದರು.

“ನನಗಾ? ಹುಳಿ ಹಾಕದೆ ಪತ್ರೊಡೆ ಮಾಡಿ ಹದಿನಾಲ್ಕು ಜನರ ಗಂಟಲು ಕೆರೆಸೋ ಹೆಂಗಸು ನಾನಾ?”

“ಅಕ್ಷರ ನಿಮ್ಮ ಥರವೇ ಇತ್ತು ಟೀಚರ್...”

“ಮೂವತ್ತು ವರ್ಷ ಕಾಪಿ ಬರೆಸಿದ್ದೇನೆ. ಈ ಸುತ್ತಿನಲ್ಲಿ ಅರ್ಧ ಜನರ ಅಕ್ಷರ ನನ್ನ ಥರವೇ ಇರೋದು.”

ಲೀಟರ್ ಅಳತೆ ತೊಳೆಯುತ್ತಿದ್ದ ಸೊಸೈಟಿಯವರು ಕೈ ಒರೆಸಿಕೊಂಡು ಬಂದು ಚೀಟಿಗೆ ಕಣ್ಣು ಹಾಯಿಸಿದರು. ಒಂದು ಕ್ಷಣ ನನ್ನನ್ನು ನೋಡಿ ಜೋರಾಗಿ ನಕ್ಕುಬಿಟ್ಟರು.

“ಎಂತ ಮಾರಾಯ್ತಿ ನೀನು! ರೈಟರ್ ಅಂದ್ರೆ ಎಸ್ಟೇಟ್ ರೈಟರ್ ಅಲ್ವಾ? ಹಾಜರಿ ಬರೆಯೋರು! ದಿನಾ ಅವರ ಹತ್ರಾನೇ ಮಣ್ಣಿನ ಚೀಲ ಇಸ್ಕೊಳ್ತೀಯಲ್ಲ!”

ಹೌದು. ಲ್ಯಾಬಿಗೆ ಬರುವ ಚೀಲಗಳಲ್ಲಿ ಅರ್ಧದಷ್ಟನ್ನು ತರುವವರು ತೋಟದ ರೈಟರ್‌ಗಳೇ. ಅದೇ ಪದ ಮಣ್ಣಿನ ಚೀಲದ ಮೇಲಿದ್ದಿದ್ದರೆ ನಾನು ಒಂದು ಗಳಿಗೆಯೂ ಯೋಚಿಸುತ್ತಿರಲಿಲ್ಲ. ಪುಸ್ತಕದ ಮೇಲಿತ್ತು, ಹಾಗಾಗಿ ಬೇರೆ ಅರ್ಥ ಹೊಳೆಯಲೇ ಇಲ್ಲ. 14 ಜನ ಎಂದರೆ ಕೂಲಿ ಲೈನಿನ ಸಾಲುಮನೆಗಳಲ್ಲಿರುವ ಕೆಲಸಗಾರರು. ‘ಮಾಡಿಸಿದೆ’ ಎಂದರೆ ಲೈನಿನಲ್ಲಿ ಯಾರ ಕೈಯಲ್ಲೋ ಮಾಡಿಸಿದ್ದು. ಎಲ್ಲವೂ ಚೀಟಿಯಲ್ಲೇ ಇತ್ತು.

ಟೀಚರ್ ನಗಲಿಲ್ಲ. ಅವರು 22ನೇ ಪುಟ ತೆರೆದು ಬೆರಳಿಟ್ಟು ಓದುತ್ತಿದ್ದರು. ಅಕ್ಕಿ, ಕೊತ್ತಂಬರಿ ಬೀಜ, ಮೆಣಸು, ಬೆಲ್ಲ. ಹುಳಿ ಇಲ್ಲ. ಇನ್ನೊಮ್ಮೆ ಮೇಲಿನಿಂದ ಓದಿದರು.

“ಇಷ್ಟು ಜನಕ್ಕೆ ಕೊಟ್ಟಿದ್ದೇನೆ,” ಎಂದರು. “ಮದುವೆ ಮನೆಯಲ್ಲಿ ಹಂಚಿದ್ದೇನೆ. ಎಲ್ಲರೂ ಚೆನ್ನಾಗಿದೆ ಅಂದ್ರು. ಒಬ್ಬರೂ ಮಾಡಿ ನೋಡಿಲ್ಲ.”

ಆಮೇಲೆ ಗೊತ್ತಾಯಿತು, ಪುಸ್ತಕದ ಎರಡನೇ ಮುದ್ರಣಕ್ಕೆ ಅವರು ಅದೇ ತಿಂಗಳು ಪ್ರೆಸ್ಸಿಗೆ ಕೊಡುವವರಿದ್ದರು. ಆ ಹದಿನೇಳನ್ನೂ ಕೂತು ಪ್ರತಿ ಮಾಡಿಕೊಂಡರು. ಹದಿನೇಳರಲ್ಲಿ ಆರು ನಿಜವಾದ ತಪ್ಪುಗಳು. ಉಳಿದ 23 ಅಡುಗೆಗಳಲ್ಲಿ ಎಷ್ಟಿವೆಯೋ ತಿಳಿಯದು.

“ನೀವೇ ಒಮ್ಮೆ ಎಲ್ಲ ಮಾಡಿ ನೋಡಬಹುದಲ್ಲ ಟೀಚರ್?” ಎಂದು ಕೇಳಿದೆ.

“ನಾನು ಮಾಡಿದ್ರೆ ಕೈ ತಾನಾಗೇ ಹುಳಿ ಹಾಕುತ್ತೆ. ಪುಸ್ತಕದಲ್ಲಿ ಇಲ್ಲ ಅಂತ ಕೈಗೆ ಎಲ್ಲಿ ಗೊತ್ತಾಗುತ್ತೆ? ಬರೆದದ್ದನ್ನು ಬರೆದ ಹಾಗೇ ಮಾಡೋರು ಬೇಕು. ಅಂಥವರು ಒಬ್ಬರು ಸಿಕ್ಕಿದ್ರು. ನೀನು ಬೇಡ ಅಂದೆ, ಅದನ್ನೂ ಅವರು ಬರೆದ ಹಾಗೇ ಪಾಲಿಸಿದ್ರು.”

ಅವರು ಬೈಯಲಿಲ್ಲ. ಬಸ್ಸು ಬಂತು, ಹತ್ತಿ ಹೋದರು. ಮುಂದಿನ ಸರದಿಯ ಶನಿವಾರ, ಸೆಪ್ಟೆಂಬರ್ 6ರಂದು, ಬರಲಿಲ್ಲ. 20ರಂದೂ ಬರಲಿಲ್ಲ. ನಾನು ಫೋನ್ ಮಾಡಿದಾಗ ಹೇಳಿದ್ದಿಷ್ಟೇ: “ಪ್ರೆಸ್ಸಿಗೆ ಕೊಟ್ಟಿಲ್ಲ. ಅವರು ಸಿಕ್ಕಿದ ಮೇಲೆ ಕೊಡ್ತೇನೆ.”

ನಾನು ಕೆಂಪು ಸಾಲನ್ನು ಉಜ್ಜಿದೆ. ಕಾಗದ ತೆಳುವಾಯಿತು, ಗುರುತು ಹೋಗಲಿಲ್ಲ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ ‘ಕ್ಷಮಿಸಿ, ದಯವಿಟ್ಟು ಬರೆಯಿರಿ’ ಎಂದು ಬರೆದೆ. ಯಾರೂ ಬರೆಯಲಿಲ್ಲ. ಯಾರು ಪುಸ್ತಕ ಒಯ್ಯುತ್ತಿದ್ದರು ಎಂದು ಸೊಸೈಟಿಯವರನ್ನು ಕೇಳಿದರೆ, “ಬೆಳಿಗ್ಗೆ ನಾನು ಹಾಲು ನೋಡ್ಲಾ, ನಿನ್ನ ಬುಟ್ಟಿ ಕಾಯ್ಲಾ? ತೋಟಗಳಿಂದ ಹಾಲು ತರೋ ಜೀಪಿನವರು ಒಯ್ತಾರೆ, ಜೀಪಿನವರು ತರ್ತಾರೆ” ಎಂದರು.

ಅಕ್ಟೋಬರ್ ಮುಗಿಯುವುದರೊಳಗೆ ಹನ್ನೊಂದು ಎಸ್ಟೇಟ್‌ಗಳ ರೈಟರ್‌ಗಳನ್ನು ಕೇಳಿದೆ. ಆರು ಮಂದಿ ಇಲ್ಲ ಎಂದರು. ಮೂವರು ನಕ್ಕರು. ಒಬ್ಬರು ಸಾಹುಕಾರರನ್ನು ಕೇಳಿ ಬನ್ನಿ ಎಂದರು. ಹನ್ನೊಂದನೆಯವರು ದೇವರಮನೆ ಕಡೆಯ ತೋಟದವರು. ಚೀಟಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದೆ. ಉಳಿದವರಿಗಿಂತ ಹೆಚ್ಚು ಹೊತ್ತು ನೋಡಿದರು.

“ಯಾಕೆ, ಯಾರಿಗಾದ್ರೂ ಹೊಟ್ಟೆ ಕೆಟ್ಟಿದ್ಯಾ?”

“ಇಲ್ಲ ಸರ್. ಇದನ್ನು ಬರೆದವರು ಬೇಕಿತ್ತು.”

“ಬರೆದವರು ಏನು ತಪ್ಪು ಮಾಡಿದ್ದಾರೆ?”

“ತಪ್ಪೇನಿಲ್ಲ ಸರ್. ತಪ್ಪು ನಮ್ಮದೇ.”

“ತಪ್ಪಿಲ್ಲದಿದ್ರೆ ಎನ್‌ಕ್ವೈರಿ ಯಾಕೆ?”

“ಎನ್‌ಕ್ವೈರಿ ಅಲ್ಲ ಸರ್...”

“ಕೈಬರಹದ ಫೋಟೋ ಹಿಡ್ಕೊಂಡು ಬಂದು, ಇದು ನಿಮ್ಮದಾ ಅಂತ ಕೇಳಿದ್ರೆ ನಮ್ಮಲ್ಲಿ ಅದಕ್ಕೆ ಎನ್‌ಕ್ವೈರಿ ಅಂತಾರೆ ಮೇಡಂ.”

ಒಂದು ಸಾಲು ಬರೆದು ತೋರಿಸುತ್ತೀರಾ ಎಂದು ಕೇಳಿದೆ. ಈಗೆಲ್ಲ ಕಂಪ್ಯೂಟರಿನಲ್ಲೇ ಹೊಡೆಯುವುದು, ಕೈಯಲ್ಲಿ ಬರೆಯುವುದೇ ಇಲ್ಲ ಎಂದರು. ಅವರ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು. ನಾನು ಅದನ್ನು ಬರೆದುಕೊಂಡಿದ್ದೇನೆ. ಆದರೆ ನನ್ನ ಅನುಮಾನದ ಮೇಲೆ ಈಗ ನನಗೇ ನಂಬಿಕೆ ಇಲ್ಲ, ಹಾಗಾಗಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದೇನೆ.

ನಡುವೆ ನಾನೇ ಮಾಡಿ ನೋಡೋಣ ಎಂದು ಅಕ್ಟೋಬರ್ 12ರಂದು 18ನೇ ಪುಟ ತೆರೆದು ಒಲೆ ಹಚ್ಚಿದೆ. ಪುಸ್ತಕದಲ್ಲಿದ್ದದ್ದನ್ನು ಬಿಟ್ಟು ಏನೂ ಹಾಕಬಾರದೆಂದು ಅಮ್ಮನಿಗೆ ಮೊದಲೇ ಹೇಳಿದ್ದೆ. ನಾನು ಸೌಟು ತರಲು ತಿರುಗಿದಾಗ ಅಮ್ಮ ಬೆಲ್ಲದ ಚೂರು ಹಾಕಿಯಾಗಿತ್ತು. “ಹಾಕದಿದ್ರೆ ಹೇಗೆ ತಿಂತೀಯ?” ಎಂದಳು. 18ನೇ ಪುಟದ ಮುಂದೆ ‘ಪರೀಕ್ಷೆ ಆಗಿಲ್ಲ’ ಎಂದೇ ಬರೆದುಕೊಳ್ಳಬೇಕಾಯಿತು.

ನಿನ್ನೆ ಟೀಚರಿಗೆ ಮತ್ತೆ ಫೋನ್ ಮಾಡಿದ್ದೆ. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇದೆ ಎಂದೆ. “ಸಿಕ್ಕಿದ್ರಾ?” ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ತೋಟಗಳಲ್ಲಿ ಕಾಫಿ ಹಣ್ಣಿನ ಕೊಯ್ಲು ಶುರುವಾಗುತ್ತಿದೆ. ಇನ್ನು ಮೂರು ತಿಂಗಳು ಯಾವ ರೈಟರಿಗೂ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಹಾಗಾಗಿ ಕಾಯದೆ ಇದನ್ನು ಬರೆಯುತ್ತಿದ್ದೇನೆ.

ಆ ರೈಟರ್ ನೀವೇ ಆಗಿದ್ದರೆ, ನಾನು ಬೇಡ ಎಂದದ್ದು ನಿಮಗಲ್ಲ, ದಯವಿಟ್ಟು ಉಳಿದ 23ನ್ನೂ ಮಾಡಿಸಿ ಪುಟದ ನಂಬರ್ ಹಾಕಿ ಬರೆಯಿರಿ. ಅವರು ಬೇರೆ ತೋಟಕ್ಕೆ ಹೋಗಿದ್ದರೆ, ಎಲ್ಲಿಗೆ ಎಂದು ಗೊತ್ತಿರುವವರು ಬರೆಯಿರಿ. ವಸ್ತಾರೆ ಕಡೆಯವರಾಗಲಿ, ಕುದುರೆಮುಖದ ಕಡೆಯವರಾಗಲಿ, ಆ ಊಟಗಳಿಗೆ ಕೂತ ಹದಿನಾಲ್ಕು ಜನರಲ್ಲಿ ಒಬ್ಬರಾದರೂ ಸಾಕು. ಕಾಗದವನ್ನು ಸೊಸೈಟಿಯ ಕೌಂಟರಿಗೆ ಬರುವ ಯಾರ ಕೈಯಲ್ಲಾದರೂ ಕಳಿಸಿ, ಹೆಸರು ಹಾಕಬೇಕಿಲ್ಲ. ಆದರೆ ಒಂದು ಮಾತು. ಚೀಟಿಯಲ್ಲಿ 31ನೇ ಪುಟದ ಬಗ್ಗೆಯೂ ಒಂದು ಅಭಿಪ್ರಾಯವಿದೆ, ಅದೇನೆಂದು ನಾನು ಬೇಕೆಂದೇ ಇಲ್ಲಿ ಹೇಳಿಲ್ಲ. ಬರೆಯುವವರು ಮೊದಲ ಸಾಲಿನಲ್ಲಿ ಅದನ್ನು ತಿಳಿಸಿ.